ಬರೆದ ಬೋರ್ಡಿನ ಬಾಳಿಕೆ

ಕೈಯಲ್ಲಿ ಬರೆದ ಅಂಗಡಿ ಬೋರ್ಡು ಸಾಮಾನ್ಯವಾಗಿ ಕೆಡಲು ಶುರುವಾಗುವುದು ಅಂಚಿನಿಂದ. ತಗಡು ಕತ್ತರಿಸಿದ ಬದಿ, ಮೊಳೆ ಹೊಡೆದ ತೂತು, ಮಳೆನೀರು ಇಳಿದು ನಿಲ್ಲುವ ಕೆಳಪಟ್ಟಿ, ಇಲ್ಲೆಲ್ಲ ಬಣ್ಣ ತೆಳುವಾಗಿರುತ್ತದೆ. ನೀರು ಒಳಸೇರಿ ತುಕ್ಕು ಹಿಡಿಯುತ್ತದೆ, ತುಕ್ಕು ಉಬ್ಬಿ ಮೇಲಿನ ಬಣ್ಣವನ್ನು ಎಬ್ಬಿಸುತ್ತದೆ. ಮಾಲೀಕರ ಕಣ್ಣಿಗೆ ಬೀಳುವಷ್ಟರಲ್ಲಿ ಹೆಸರಿನ ಒಂದೆರಡು ಅಕ್ಷರ ಉದುರಿರುತ್ತವೆ. ಪ್ರತಿ ಮಳೆಗಾಲಕ್ಕೆ ಮುಂಚೆ ಆ ಅಂಚನ್ನು ನೋಡಿ, ಬೇಕಾದಲ್ಲಿ ಒಂದು ಕೈ ಬಣ್ಣ ಬಳಿದರೆ ಅದೇ ಬೋರ್ಡು ವರ್ಷಗಟ್ಟಲೆ ಹೆಚ್ಚು ಬಾಳುತ್ತದೆ.

ಬಾಳಿಕೆಯ ಬಹುಪಾಲು ಅಕ್ಷರ ಬರೆಯುವ ಮೊದಲೇ ತೀರ್ಮಾನವಾಗುತ್ತದೆ. ಕಬ್ಬಿಣದ ತಗಡಾದರೆ ಎಮರಿ ಪೇಪರಿನಲ್ಲಿ ಉಜ್ಜಿ, ಎಣ್ಣೆಜಿಡ್ಡು ಒರೆಸಿ, ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಬೇಕು. ಸತುವಿನ ಲೇಪವಿರುವ ಜಿ.ಐ. ತಗಡಿನ ಲೆಕ್ಕ ಬೇರೆ. ಸಾಮಾನ್ಯ ಎನಾಮೆಲ್ ಬಣ್ಣವನ್ನು ಅದರ ಮೇಲೆ ನೇರವಾಗಿ ಬಳಿದರೆ, ಬಣ್ಣದೊಳಗಿನ ಎಣ್ಣೆಯ ಅಂಶ ಸತುವಿನೊಡನೆ ಸೇರಿ ಸೋಪಿನಂಥ ತೆಳುವಾದ ಪದರ ಉಂಟಾಗುತ್ತದೆ. ಅದರ ಮೇಲೆ ಬಣ್ಣಕ್ಕೆ ಹಿಡಿತ ಸಿಗದೆ ಹಾಳೆಹಾಳೆಯಾಗಿ ಎದ್ದುಬರುತ್ತದೆ. ಅದಕ್ಕೇ ಇಂಥ ತಗಡನ್ನು ಕೆಲಕಾಲ ಬಿಸಿಲು ಮಳೆಗೆ ಬಿಟ್ಟು ಹೊಳಪು ಇಳಿಸುತ್ತಾರೆ, ಇಲ್ಲವೇ ಅದಕ್ಕೆಂದೇ ಬರುವ ಪ್ರೈಮರ್ ಹಚ್ಚುತ್ತಾರೆ. ಬೋರ್ಡಿನ ಬೆನ್ನಿಗೂ ಬಣ್ಣ ಬೇಕು. ಯಾರೂ ನೋಡದ ಆ ಬದಿಯನ್ನು ಹಾಗೇ ಬಿಟ್ಟರೆ ತುಕ್ಕು ಹಿಂದಿನಿಂದ ಮುಂದಕ್ಕೆ ಬರುತ್ತದೆ.

ಆಮೇಲೆ ಅಳತೆ. ಸೀಮೆಸುಣ್ಣ ಸವರಿದ ದಾರವನ್ನು ಎರಡು ತುದಿಯಲ್ಲಿ ಬಿಗಿಹಿಡಿದು ಚಿಮ್ಮಿಸಿದರೆ ನೇರ ಗೆರೆ ಬೀಳುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಮೇಲೊಂದು ಕೆಳಗೊಂದು ಗೆರೆ ಸಾಕು. ಕನ್ನಡಕ್ಕೆ ಸಾಲದು. ಮೇಲೆ ಗುಡಿಸು, ಬಲಕ್ಕೆ ದೀರ್ಘ, ಕೆಳಗೆ ಒತ್ತು. ‘ಶ್ರೀ ಲಕ್ಷ್ಮೀ ಸ್ಟೋರ್ಸ್’ ಎಂಬ ತೀರಾ ಮಾಮೂಲಿ ಹೆಸರನ್ನೇ ನೋಡಿ: ‘ಕ್ಷ್ಮೀ’ ಒಂದರಲ್ಲೇ ಮೂರು ವ್ಯಂಜನಗಳು, ಜೊತೆಗೊಂದು ದೀರ್ಘ, ‘ಶ್ರೀ’ಗೂ ‘ಸ್ಟೋ’ಗೂ ಕೆಳಗೆ ಒತ್ತು. ಅಕ್ಷರ ದೊಡ್ಡದು ಮಾಡಿದರೆ ಒತ್ತು ಫ್ರೇಮಿಗೆ ತಾಗುತ್ತದೆ. ಒತ್ತಿಗೆ ಜಾಗ ಮಾಡಲು ಎಲ್ಲವನ್ನೂ ಕುಗ್ಗಿಸಿದರೆ ರಸ್ತೆಯ ಆಚೆಯಿಂದ ಓದಲಾಗದು. ನುರಿತ ಆರ್ಟಿಸ್ಟ್ ಒತ್ತನ್ನು ಪಕ್ಕದ ಅಕ್ಷರದ ಕೆಳಗಿನ ಖಾಲಿ ಜಾಗಕ್ಕೆ ಜಾರಿಸಿ, ತಲೆಕಟ್ಟುಗಳನ್ನೆಲ್ಲ ಒಂದೇ ಸಾಲಿಗೆ ತಂದು ಹೆಸರನ್ನು ತೂಗಿಸುತ್ತಾನೆ. ಕಂಪ್ಯೂಟರಿನಲ್ಲಿ ಅಕ್ಷರವನ್ನು ಅಡ್ಡಡ್ಡ ಎಳೆದು ಅಗಲಿಸಿದ ಬೋರ್ಡುಗಳಲ್ಲಿ ಕಾಣದೇ ಹೋಗುವುದು ಈ ವಿವೇಚನೆಯೇ.

ಅಂಗಡಿಯ ಗಾಜಿನ ಮೇಲೆ ಚಿನ್ನದ ರೇಕಿನಲ್ಲಿ ಬರೆಯುವ ವಿದ್ಯೆ ಇನ್ನೊಂದು. ಲಂಡನ್ನಿನ ಹಳೆಯ ಅಂಗಡಿ ಮತ್ತು ಪಬ್ಬುಗಳಲ್ಲಿ ಇದು ಇವತ್ತಿಗೂ ಕಾಣಸಿಗುತ್ತದೆ. ಗಾಜಿನ ಒಳಬದಿಗೆ ಜೆಲಟಿನ್ ಬೆರೆತ ನೀರು ಸವರಿ, ಒಂದು ಮಿಲಿಮೀಟರಿನ ಸುಮಾರು ಹತ್ತು ಸಾವಿರದ ಒಂದು ಭಾಗದಷ್ಟು ತೆಳುವಾದ ರೇಕನ್ನು ಅಂಟಿಸುತ್ತಾರೆ. ಅದರ ಮೇಲೆ ಅಕ್ಷರಗಳನ್ನು ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬಣ್ಣದಲ್ಲಿ ಬರೆದು, ಹೊರಗುಳಿದ ಚಿನ್ನವನ್ನು ಒರೆಸಿ ತೆಗೆಯುತ್ತಾರೆ. ಚಿನ್ನ ಬಿಸಿಲಿಗೆ ಮಾಸುವುದಿಲ್ಲ. ಅದನ್ನು ಕೆಡಿಸುವುದು ಒಳಬದಿಯ ತೇವ ಮತ್ತು ಅಮೋನಿಯ ಬೆರೆತ ಗಾಜಿನ ಕ್ಲೀನರ್. ಹೊರಬದಿಯನ್ನು ಎಷ್ಟು ಬೇಕಾದರೂ ಒರೆಸಬಹುದು, ಒಳಬದಿಯಲ್ಲಿ ಅಕ್ಷರದ ಮೇಲೆ ಕೈಯಾಡಿಸಬಾರದು.

ತಗಡಿನ ಬೋರ್ಡಿನ ಬಣ್ಣಕ್ಕೆ ಬಿಸಿಲೂ ದೊಡ್ಡ ಶತ್ರು. ಎಲ್ಲ ಬಣ್ಣವೂ ಒಂದೇ ಸಮ ಮಾಸುವುದಿಲ್ಲ. ಇಂಗಾಲದಿಂದ ಮಾಡಿದ ಕಪ್ಪು, ಕಬ್ಬಿಣದ ಆಕ್ಸೈಡಿನ ಕೆಮ್ಮಣ್ಣು ಬಣ್ಣ ದೀರ್ಘಕಾಲ ನಿಲ್ಲುತ್ತವೆ. ಕಣ್ಣಿಗೆ ಹೊಡೆಯುವ ಅಗ್ಗದ ಕೆಂಪು ಬೇಗ ಬಿಳಚಿಕೊಳ್ಳುತ್ತದೆ. ಆದ್ದರಿಂದ ಬಿಸಿಲು ಹೆಚ್ಚು ಬೀಳುವ ಅಂಗಡಿಯಲ್ಲಿ ಹೆಸರನ್ನು ಕಪ್ಪಿನಲ್ಲಿ ಬರೆಸಿ, ಕೆಂಪನ್ನು ಶೇಡಿಗಷ್ಟೇ ಬಳಸಿದರೆ ಕೆಂಪು ಮಾಸಿದರೂ ಹೆಸರು ಉಳಿಯುತ್ತದೆ. ಧೂಳನ್ನು ಸೋಪಿನ ನೀರು, ಮೆತ್ತನೆಯ ಬಟ್ಟೆಯಲ್ಲಿ ಒರೆಸಿದರೆ ಸಾಕು. ಥಿನ್ನರ್, ಗಟ್ಟಿ ಬ್ರಶ್ ಮುಟ್ಟಿಸಲೇಬಾರದು.

ಹಳೆಯ ಬೋರ್ಡನ್ನು ದುರಸ್ತಿ ಮಾಡುವಾಗ ಒಂದು ಎಚ್ಚರ ಅಗತ್ಯ. ಬಣ್ಣದಲ್ಲಿ ಸೀಸದ ಪ್ರಮಾಣ 90 ಪಿಪಿಎಂ ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಎನಾಮೆಲ್‌ಗಳಲ್ಲಿ, ಮುಖ್ಯವಾಗಿ ಹಳದಿಯಲ್ಲಿ, ಸೀಸ ಹೆಚ್ಚಿರಬಹುದು. ಅಂಥ ಬೋರ್ಡನ್ನು ಒಣಗಿದ್ದಾಗಲೇ ಉಜ್ಜಿ ಧೂಳೆಬ್ಬಿಸದೆ ನೀರು ಹಾಕಿಕೊಂಡು ಉಜ್ಜಬೇಕು. ಬಾಯಿ ಮೂಗಿಗೆ ಮಾಸ್ಕ್ ಇರಬೇಕು, ಮಕ್ಕಳು ಹತ್ತಿರ ಸುಳಿಯಬಾರದು.

ಫ್ಲೆಕ್ಸ್‌ಗೆ ಇಂಥ ಎರಡನೇ ಜನ್ಮವಿಲ್ಲ. ಪಿವಿಸಿ ಲೇಪಿಸಿದ ಬಟ್ಟೆಯ ಮೇಲಿನ ಆ ಮುದ್ರಣ ಮಾಸಿದರೆ, ಹರಿದರೆ ಕಿತ್ತೆಸೆಯುವುದೊಂದೇ ದಾರಿ. ಸುಟ್ಟರೆ ವಿಷಾನಿಲ. ಅಗ್ಗವೆಂಬ ಕಾರಣಕ್ಕೆ ಅದು ಊರೂರಿಗೆ ಹಬ್ಬಿ ಬೋರ್ಡು ಬರೆಯುವವರ ಕೆಲಸ ಕಿತ್ತುಕೊಂಡಿತು. 2009ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ನಗರದ ಗೋಡೆಗಳ ಮೇಲೆ ಚಿತ್ರ ಬರೆಸಲು ಇಂಥ ಕಲಾವಿದರನ್ನೇ ಕರೆಯಿತು. ಅರಮನೆ, ಜಲಪಾತಗಳ ಆ ಚಿತ್ರಗಳು ಅನೇಕರಿಗೆ ನೆನಪಿರಬಹುದು. 2018ರ ಆಗಸ್ಟಿನಲ್ಲಿ ಹೈಕೋರ್ಟ್ ಅಕ್ರಮ ಫ್ಲೆಕ್ಸ್ ತೆರವಿಗೆ ಪಾಲಿಕೆಗೆ ಕಟ್ಟುನಿಟ್ಟಾಗಿ ಹೇಳಿತು. ದೆಹಲಿಯಲ್ಲಿ ಕಲಾವಿದ ಹನೀಫ್ ಕುರೇಶಿ ಬೀದಿ ಆರ್ಟಿಸ್ಟ್‌ಗಳ ಅಕ್ಷರಗಳನ್ನು ‘ಹ್ಯಾಂಡ್‌ಪೇಂಟೆಡ್ ಟೈಪ್’ ಯೋಜನೆಯಲ್ಲಿ ಕಂಪ್ಯೂಟರ್ ಫಾಂಟುಗಳಾಗಿ ಉಳಿಸಿದರು. 2024ರಲ್ಲಿ ಅವರು ತೀರಿಕೊಂಡರೂ ಆ ಫಾಂಟುಗಳು ಬಳಕೆಯಲ್ಲಿವೆ. ಆದರೆ ಫಾಂಟು ಅಕ್ಷರದ ರೂಪವನ್ನು ಉಳಿಸಬಲ್ಲದು. ತಗಡಿನ ಗುಣ ತಿಳಿದ ಕೈಯನ್ನು ಉಳಿಸುವುದು ಕೆಲಸ ಮಾತ್ರ.

ಆ ಕೆಲಸಕ್ಕೆ ಈಗ ಅವಕಾಶವಿದೆ. ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಲೇಬೇಕೆಂದು 2024ರಲ್ಲಿ ರಾಜ್ಯದ ಕಾನೂನಿಗೆ ತಿದ್ದುಪಡಿಯಾಗಿದೆ. ಹೇಗೂ ಬೋರ್ಡು ಬದಲಿಸಬೇಕಾದ ಅಂಗಡಿಯವರು ತಮ್ಮೂರಿನಲ್ಲಿ ಬರೆಯುವವರು ಯಾರಿದ್ದಾರೆಂದು ಮೊದಲು ವಿಚಾರಿಸಲಿ. ಮಾತಾಡುವಾಗ ವರ್ಷಕ್ಕೊಮ್ಮೆ ಬಂದು ಅಂಚು ನೋಡಿ ಬಣ್ಣ ತಿದ್ದುವ ಕೂಲಿಯನ್ನೂ ಸೇರಿಸಿಯೇ ದರ ಒಪ್ಪಿಕೊಳ್ಳಲಿ. ಬೋರ್ಡಿನ ಮೂಲೆಯಲ್ಲಿ ಅವರು ತಮ್ಮ ಹೆಸರು, ಫೋನ್ ನಂಬರ್ ಬರೆದುಕೊಳ್ಳಲು ಜಾಗವನ್ನೂ ಬಿಡಲಿ.