ನಾಲ್ಕು ಗೇರಿನ ಗಾಡಿ, ಎಂಟು ಸಾವಿರ ಆರ್‌ಪಿಎಂನ ಆಸೆ

ತುಮಕೂರಿನ ಗುಬ್ಬಿ ಗೇಟಿನ ಆಸುಪಾಸಿನಲ್ಲಿರುವ ಒಂದು ಗ್ಯಾರೇಜಿನಲ್ಲಿ ಬೆಳಗ್ಗೆ ಹತ್ತಕ್ಕೆಲ್ಲ ಟೂಟಿ ಆಯಿಲಿನ ನೀಲಿ ಹೊಗೆ ಶಟರಿನವರೆಗೂ ತುಂಬಿಕೊಂಡಿತ್ತು. ಹೊಗೆಯ ನಡುವೆ ಕೆಂಪು ಬಣ್ಣದ ಆರ್‌ಎಕ್ಸ್ 100 ಬೈಕು. ಟ್ಯಾಂಕಿಗೆ ಹೊಸ ಪೇಂಟು, ಮಡ್‌ಗಾರ್ಡಿಗೆ ಹೊಸ ಕ್ರೋಮು, ಸೀಟಿಗೆ ಹೊಸ ರೆಕ್ಸಿನ್ನು. ಕಂಪನಿಯ ಸೈಲೆನ್ಸರ್ ಇರಬೇಕಾದ ಜಾಗದಲ್ಲಿ ಮಾತ್ರ ಹೊಟ್ಟೆ ಉಬ್ಬಿದ, ಬೆಸುಗೆಯ ಗೆರೆ ಎದ್ದು ಕಾಣುವ ಚೇಂಬರು. ಪಕ್ಕದಲ್ಲಿ ಗುಬ್ಬಿ ಕಡೆಯ ಹುಡುಗ, ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡು ನಿಂತಿದ್ದ.

“ಭಾಯ್, ಎಳೀತಾನೇ ಇಲ್ಲ. ಮೊದ್ಲೇ ಚೆನ್ನಾಗಿತ್ತು.”

ಗ್ಯಾರೇಜಿನ ಮೆಕ್ಯಾನಿಕ್ ಭಾಯ್ ಟೀ ಲೋಟ ಕೆಳಗಿಡದೆ ಕೇಳಿದ: “ಎಲ್ಲಿ ಎಳೀತಿಲ್ಲ?”

ಈ ಪ್ರಶ್ನೆಯನ್ನು ಹುಡುಗ ನಿರೀಕ್ಷಿಸಿರಲಿಲ್ಲ. ಏನೇನು ಮಾಡಿಸಿದೆ ಅಂತ ಹೇಳಲು ತಯಾರಾಗಿ ಬಂದಿದ್ದ. ಚೇಂಬರು, ಸಿಲಿಂಡರಿನ ಪೋರ್ಟು ಕೊರೆಸಿದ್ದು, ಹೆಡ್ಡನ್ನು ಲೇತಿಗೆ ಕೊಟ್ಟು ತೇಯಿಸಿದ್ದು, ದೊಡ್ಡ ಕಾರ್ಬುರೇಟರು, ಫಿಲ್ಟರ್ ಡಬ್ಬಿ ಕಿತ್ತುಹಾಕಿದ್ದು, ಸ್ಪೀಡ್ ಬರಲಿ ಅಂತ ಮುಂದಿನ ಚೈನ್ ಸ್ಪ್ರಾಕೆಟ್ಟಿಗೆ ಹಲ್ಲು ಹೆಚ್ಚಿಸಿದ್ದು. ಒಂದೊಂದಕ್ಕೂ ಒಬ್ಬೊಬ್ಬ ಸ್ನೇಹಿತನ ಶಿಫಾರಸು.

ಸ್ವಲ್ಪ ಯೋಚಿಸಿ ಹೇಳಿದ: “ಗುಬ್ಬಿ ರೋಡಲ್ಲಿ ಬೆಂಕಿ. ಕುಣಿಗಲ್ ರೋಡಲ್ಲಿ ಸತ್ತೋಗತ್ತೆ.”

ಅರ್ಧ ರೋಗ ಅಲ್ಲಿಗೇ ಗೊತ್ತಾದಂತಾಯಿತು. ಗುಬ್ಬಿಗೆ ಹೋಗುವುದು ಬಿ.ಎಚ್. ರಸ್ತೆ, ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ಹಳೆಯ ಹೆದ್ದಾರಿ. ಊರು ಬಿಟ್ಟರೆ ಇಪ್ಪತ್ತು ಕಿಲೋಮೀಟರ್ ನೇರ ಹಾದಿ. ಥ್ರಾಟಲ್ ತಿರುವಿದರೆ ಬಿಡುವ ಪ್ರಸಂಗವೇ ಕಡಿಮೆ. ಕುಣಿಗಲ್ ಹಾದಿಯ ಸ್ವಭಾವವೇ ಬೇರೆ. ಗೂಳೂರು ದಾಟಬೇಕು, ನಾಗವಲ್ಲಿ, ಹೆಬ್ಬೂರು ದಾಟಬೇಕು. ಊರೂರಿಗೆ ಹಂಪು, ತೆಂಗಿನಕಾಯಿ ಹೇರಿದ ಟ್ರ್ಯಾಕ್ಟರು, ಕೈ ತೋರಿಸಿದಲ್ಲೆಲ್ಲ ನಿಲ್ಲುವ ಬಸ್ಸು. ಅಲ್ಲಿ ಗಾಡಿ ನಿಧಾನದಿಂದ ಎದ್ದು ಬರಬೇಕು, ಅದೂ ಮತ್ತೆ ಮತ್ತೆ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಊರಾದ ಕುಣಿಗಲ್ಲಿನ ದಾರಿಯಲ್ಲೇ ಈ ಗಾಡಿಯ ಕುದುರೆಗಳು ಕಾಲೂರಿ ನಿಲ್ಲುತ್ತಿದ್ದವು.

ಆರ್‌ಎಕ್ಸ್ 100ನಲ್ಲಿರುವುದೇ 98 ಸಿಸಿ, 11 ಕುದುರೆಶಕ್ತಿ, ಅದೂ 7500 ಆರ್‌ಪಿಎಂನಲ್ಲಿ. 1985ರಿಂದ 1996ರವರೆಗೆ ತಯಾರಾದ ಈ ಗಾಡಿಗೆ ಕರ್ನಾಟಕದಲ್ಲಿ ಇವತ್ತಿಗೂ ಇಷ್ಟು ಬೇಡಿಕೆ ಇರುವುದು ಕೆಳಗಿನ ಆರ್‌ಪಿಎಂನಿಂದಲೇ ಎದ್ದು ಬರುವ ಆ ಪಿಕಪ್ಪಿಗಾಗಿ. ಹುಡುಗ ಹಣ ಕೊಟ್ಟು ಕಳೆದುಕೊಂಡದ್ದು ಅದನ್ನೇ.

ಟೂ ಸ್ಟ್ರೋಕ್ ಎಂಜಿನ್ನಿನ ಸಿಲಿಂಡರಿನಲ್ಲಿ ಬಾಗಿಲು ತೆಗೆದು ಮುಚ್ಚುವ ವಾಲ್ವುಗಳಿಲ್ಲ. ಪಿಸ್ಟನ್ನೇ ಮೇಲೆ ಕೆಳಗೆ ಆಡುತ್ತ ಪೋರ್ಟುಗಳನ್ನು ತೆರೆದು ಮುಚ್ಚುತ್ತದೆ. ಹೀಗಾಗಿ ಹೊಗೆ ಹೋಗುವಾಗ ಹೊಸ ಪೆಟ್ರೋಲ್ ಮಿಶ್ರಣವೂ ಒಂದಿಷ್ಟು ಅದರ ಬೆನ್ನು ಹತ್ತಿ ಹೊರಬೀಳುತ್ತದೆ. ಚೇಂಬರಿನ ಕೆಲಸ ಅದನ್ನು ತಡೆಯುವುದು. ಹೊಗೆಯ ಒತ್ತಡದ ಅಲೆ ಉಬ್ಬಿದ ಹೊಟ್ಟೆ ದಾಟಿ, ಹಿಂದಿನ ಕಿರಿದಾದ ತುದಿಗೆ ಬಡಿದು ಹಿಂದಿರುಗಿ, ಓಡಿಹೋಗುತ್ತಿದ್ದ ಮಿಶ್ರಣವನ್ನು ಸಿಲಿಂಡರಿಗೆ ವಾಪಸ್ ನೂಕುತ್ತದೆ. ಆದರೆ ಅಲೆ ಹಿಂದಿರುಗುವ ಹೊತ್ತಿಗೆ ಪೋರ್ಟ್ ತೆರೆದಿರಬೇಕಲ್ಲ? ಆ ಲೆಕ್ಕ ಕೂಡುವುದು ಕೆಲವೇ ಸಾವಿರ ಆರ್‌ಪಿಎಂಗಳ ನಡುವೆ. ಅದಕ್ಕಿಂತ ಕೆಳಗೆ ಅಲೆ ತಪ್ಪು ಹೊತ್ತಿಗೆ ಬಂದು ಕೆಲಸ ಕೆಡಿಸುತ್ತದೆ.

ಚೇಂಬರಿನ ಈ ವಿದ್ಯೆಯನ್ನು ಪಳಗಿಸಿದವನು ಪೂರ್ವ ಜರ್ಮನಿಯ ಎಂಜೆಡ್ ಬೈಕ್ ಕಾರ್ಖಾನೆಯ ವಾಲ್ಟರ್ ಕಾಡೆನ್. ಅವನ ತಂಡದ ಸವಾರ ಎರ್ನ್‌ಸ್ಟ್ ಡೆಗ್ನರ್ 1961ರಲ್ಲಿ ಸ್ವೀಡನ್ನಿನ ರೇಸಿನಿಂದಲೇ ದೇಶ ಬಿಟ್ಟು ಸುಝುಕಿ ಸೇರಿದ. ಮರುವರ್ಷವೇ 50 ಸಿಸಿಯ ವಿಶ್ವ ಚಾಂಪಿಯನ್ ಆದ. ಗುಟ್ಟೂ ಅವನೊಂದಿಗೆ ಜಪಾನಿಗೆ ಹೋಯಿತು. ನಮ್ಮ ಹುಡುಗರು ಗಮನಿಸಬೇಕಾದದ್ದು ಆಮೇಲಿನದು: ಗೆದ್ದ ಆ ಸುಝುಕಿಗೆ ಗೇರು ಎಂಟು, 1967ರ ಹೊತ್ತಿಗೆ ಹದಿನಾಲ್ಕು. ಎಂಜಿನ್ ಆ ಕೆಲವೇ ಸಾವಿರ ಆರ್‌ಪಿಎಂಗಳ ಇಕ್ಕಟ್ಟಾದ ಪಟ್ಟಿಯಿಂದ ಕೆಳಗೆ ಜಾರದಿರಲಿ ಅಂತ. ಆರ್‌ಎಕ್ಸ್ 100ಗೆ ಗೇರು ನಾಲ್ಕೇ. ಮೂರರಿಂದ ನಾಲ್ಕಕ್ಕೆ ಹಾಕಿದರೆ ಆರ್‌ಪಿಎಂ ಪಟ್ಟಿಯಿಂದಾಚೆ ಬೀಳುತ್ತದೆ. ಮುಂದಿನ ಸ್ಪ್ರಾಕೆಟ್ ದೊಡ್ಡದಾದರೆ ಪ್ರತಿ ಗೇರೂ ಇನ್ನಷ್ಟು ಭಾರ.

ಅಮೆರಿಕದಲ್ಲೂ ಇದೇ ಕಥೆ. 1964ರ ಪಾಂಟಿಯಾಕ್ ಜಿಟಿಒದಂಥ ಆರು ಲೀಟರ್ ಮೀರಿದ ಎಂಜಿನ್ನಿನ ಕಾರಿಗೂ ಅತಿ ದೊಡ್ಡ ಕಾರ್ಬುರೇಟರು, ರೇಸಿನ ಕ್ಯಾಮ್ ಹಾಕಿಸಿ, ಕೆಳಗಿನ ಆರ್‌ಪಿಎಂನ ಎಳೆತ ಕಳೆದುಕೊಂಡು, ಸಿಗ್ನಲ್ಲಿನಲ್ಲಿ ಗೊರಗೊರ ಎನ್ನುತ್ತ ನಿಂತವರಿದ್ದಾರೆ.

ಭಾಯ್ ಇದನ್ನೆಲ್ಲ ಹೇಳಲಿಲ್ಲ. ಹೆದ್ದಾರಿಯ ಕಡೆಗೆ ಗಾಡಿ ತೆಗೆದುಕೊಂಡು ಹೋಗಿ, ಮೂರನೇ ಗೇರಿನಲ್ಲಿ ಪೂರಾ ಥ್ರಾಟಲ್ ಕೊಟ್ಟು, ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ರಸ್ತೆ ಪಕ್ಕಕ್ಕೆ ಉರುಳಿಸಿಕೊಂಡ. ಬನಿಯನ್ ಬಟ್ಟೆಯಲ್ಲಿ ಹಿಡಿದು ಬಿಸಿ ಪ್ಲಗ್ ಬಿಚ್ಚಿದ. ಸರಿಯಿದ್ದರೆ ಕಾಫಿ ಬಣ್ಣ ಇರಬೇಕು. ಪೆಟ್ರೋಲ್ ಹೆಚ್ಚಾದರೆ ಒದ್ದೆ ಕಪ್ಪು. ಇದು ಸುಣ್ಣದ ಬಿಳಿ. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಈ ಗಾಡಿಗೆ ಆಯಿಲನ್ನು ಪೆಟ್ರೋಲಿಗೇ ಬೆರೆಸುತ್ತಾರೆ. ಪೆಟ್ರೋಲ್ ಕಮ್ಮಿಯಾದರೆ ಆಯಿಲೂ ಕಮ್ಮಿ. ಇನ್ನೊಂದಷ್ಟು ಗುಬ್ಬಿ ರೋಡಿನ ‘ಬೆಂಕಿ’ ಆಗಿದ್ದರೆ ಪಿಸ್ಟನ್ ಜಾಮ್.

ವಾಪಸ್ ಬಂದು ಎಂಜಿನ್ನನ್ನು ಐಡಲ್‌ನಲ್ಲಿ ಬಿಟ್ಟು, ಕಾರ್ಬುರೇಟರು ಸಿಲಿಂಡರಿಗೆ ಸೇರುವ ರಬ್ಬರಿನ ಸುತ್ತ ಸೋಪಿನ ನೀರು ಬಿಟ್ಟ. ಒಂದು ಕಡೆ ನೀರು ಒಳಗೆ ಎಳೆದುಕೊಂಡಿತು, ಎಂಜಿನ್ನಿನ ಸದ್ದೂ ಬದಲಾಯಿತು. ದೊಡ್ಡ ಕಾರ್ಬುರೇಟರಿಗೆ ಜಗ್ಗಿ ಹಾಕಿದ ರಬ್ಬರು ಸೀಳಿತ್ತು.

ಅಲ್ಲಿಂದ ಮುಂದೆ ಅವನ ಶಿಸ್ತು ನೋಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಸಲವೂ ಒಂದು ಸುತ್ತು. ಹೊಸ ರಬ್ಬರು. ಫಿಲ್ಟರ್ ಡಬ್ಬಿ ಸ್ವಸ್ಥಾನಕ್ಕೆ. ದೊಡ್ಡ ಕಾರ್ಬುರೇಟರಿನಲ್ಲಿ ಕೆಳಗಿನ ಆರ್‌ಪಿಎಂಗೆ ಗಾಳಿಯ ಓಟವೇ ಸಾಲದೆ ಜೆಟ್ಟಿನಿಂದ ಪೆಟ್ರೋಲ್ ಏಳುವುದಿಲ್ಲ. ಹಾಗಾಗಿ ಹಳೆಯ ಕಾರ್ಬುರೇಟರೇ ವಾಪಸ್. ಸ್ಪ್ರಾಕೆಟ್ ಕಂಪನಿಯದು. ಕೊನೆಗೆ ಚೇಂಬರಿನ ಜಾಗಕ್ಕೆ ಕಂಪನಿಯ ಸೈಲೆನ್ಸರ್. ಅಷ್ಟು ಹೊತ್ತು ಸುಮ್ಮನಿದ್ದ ಹುಡುಗನ ಮುಖ ಆಗ ಬಾಡಿತು. ಗಾಡಿಯನ್ನು ಕಂಪನಿಯ ಮೂಲ ವಿವರಕ್ಕೆ ಹೊಂದದಂತೆ ಬದಲಾಯಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆ ಎಂಬ ಮಾತು ಅವನ ಕಿವಿಗೆ ಬಿದ್ದಂತೆ ಕಾಣಲಿಲ್ಲ.

ಪೋರ್ಟಿನ ವಿಷಯಕ್ಕೆ ಬಂದಾಗ ಭಾಯ್ ಸಿಲಿಂಡರಿನೊಳಗೆ ಬೆರಳಾಡಿಸಿ ಸುಮ್ಮನಾದ. “ಕೊರ್ದಿದ್ದು ಕೊರ್ದೋಯ್ತು. ಇದ್ರಲ್ಲೇ ಓಡ್ಸು. ಒರಿಜಿನಲ್ ಸಿಲಿಂಡರ್ ಸಿಕ್ಕಿದ್ರೆ ಹೇಳ್ತೀನಿ, ರೇಟ್ ಕೇಳಿದ್ ಮೇಲೆ ನೀನೇ ಬೇಡ ಅಂತೀಯ.”

ಸಂಜೆ ಹುಡುಗ ಗೂಳೂರಿನವರೆಗೆ ಹೋಗಿ ಬಂದ. ಮೊದಲಿನಷ್ಟು ಅಲ್ಲದಿದ್ದರೂ ಹಂಪ್ ಇಳಿದ ಮೇಲೆ ಮೂರನೇ ಗೇರಿನಲ್ಲೇ ಎದ್ದಿತಂತೆ. ಚೇಂಬರನ್ನು ಗೋಣಿಚೀಲದಲ್ಲಿ ಸುತ್ತಿ ಹಿಂದಕ್ಕೆ ಕಟ್ಟಿಕೊಳ್ಳುತ್ತ ಕೇಳಿದ:

“ಭಾಯ್, ಆರ್‌ಎಕ್ಸ್ 135ದು ಐದು ಗೇರಿನ ಬಾಕ್ಸ್ ಬರತ್ತಲ್ಲ, ಅದನ್ ಕೂರ್‌ಸಿದ್ರೆ ಇದನ್ ಮತ್ತೆ ಹಾಕ್ಬೋದಾ?”

ಭಾಯ್ ಪಾನಾ ತೊಳೆಯುತ್ತಿದ್ದ ಡೀಸೆಲ್ ಡಬ್ಬಿಯಿಂದ ತಲೆಯೆತ್ತಿ, ಗಾಡಿಯನ್ನೊಮ್ಮೆ, ಹುಡುಗನನ್ನೊಮ್ಮೆ ನೋಡಿದ.

“ಮೊದ್ಲು ಇವತ್ತಿಂದು ದುಡ್ಡು ಕೊಡು.”