ಹಾವು ಕಡಿದರೆ ಹಗ್ಗ ಕಟ್ಟಬೇಕೇ? ರಕ್ತನಾಳಗಳನ್ನೇ ಕೇಳೋಣ



ಸೊರಡಿಯಾಗಲಿ, ಜತ್ತ ತಾಲೂಕಿನ ಬೇರೆ ಯಾವ ಊರಾಗಲಿ, ಹೊಲದ ಕೆಲಸ ಇದ್ದಲ್ಲಿ ಹಾವಿನ ಭಯವೂ ಇರುತ್ತದೆ. ಯಾರಿಗಾದರೂ ಕಡಿಯಿತೆಂದರೆ ಸಾಕು, “ಲಗೂನ ಹಗ್ಗ ತರ್ರಿ, ಮ್ಯಾಲೆ ಬಿಗಿದು ಕಟ್ರಿ!” ಎಂದು ಕೂಗುತ್ತಾರೆ. ವಿಷ ಮೇಲೇರಬಾರದೆಂಬ ಕಾಳಜಿಯಿಂದಲೇ ಹಾಗೆ ಹೇಳುತ್ತಾರೆ. ಆದರೆ ಹಗ್ಗ ಕಟ್ಟಿದಾಗ ಮೈಯೊಳಗೆ ಏನಾಗುತ್ತದೆ? ಅದು ತಿಳಿಯಬೇಕಾದರೆ ರಕ್ತ ಹರಿಯುವ ದಾರಿಯನ್ನು ನೋಡಬೇಕು.

ಮೈಸಾಳ ಯೋಜನೆಯ ಪಂಪುಗಳು ಕೃಷ್ಣಾ ನದಿಯ ನೀರನ್ನು ಮೇಲೆತ್ತಿ ನಮ್ಮ ತಾಲೂಕಿನ ಕಡೆಗೆ ಕಳಿಸುತ್ತವೆ. ಹೊಲಕ್ಕೆ ಬಿಟ್ಟ ನೀರನ್ನು ಮಣ್ಣು ಕುಡಿಯುತ್ತದೆ. ಅದು ತಿರುಗಿ ಪಂಪಿಗೆ ಹೋಗುವುದಿಲ್ಲ. ರಕ್ತವೂ ಹೀಗೆಯೇ ಎಂದು ಯುರೋಪಿನ ವೈದ್ಯರು ಸಾವಿರಕ್ಕೂ ಹೆಚ್ಚು ವರ್ಷ ನಂಬಿದ್ದರು. ಉಂಡ ಅನ್ನದಿಂದ ಯಕೃತ್ತಿನಲ್ಲಿ ರಕ್ತ ಆಗುತ್ತದೆ, ಮೈ ಅದನ್ನು ಹೀರಿಕೊಂಡು ಮುಗಿಸುತ್ತದೆ ಎಂಬುದು ಗ್ಯಾಲೆನ್ ಎಂಬ ವೈದ್ಯರ ಮಾತಾಗಿತ್ತು.

ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ಲೆಕ್ಕ ಹಾಕಿ ನೋಡಿದರು. ಇಂದಿನ ಅಂಕಿಗಳಿಂದ ನೀವೂ ಹಾಕಿರಿ. ದೊಡ್ಡವರ ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ ನೂಕುತ್ತದೆ. ನಿಮಿಷಕ್ಕೆ 72 ಬಡಿತವೆಂದರೆ ಸುಮಾರು 5 ಲೀಟರ್, ತಾಸಿಗೆ 300 ಲೀಟರ್! ಅಷ್ಟು ರಕ್ತ ಆಗಬೇಕಾದರೆ ಎಷ್ಟು ರೊಟ್ಟಿ ತಿನ್ನಬೇಕು? ಮೈಯಲ್ಲಿ ಇರುವುದೇ ಸುಮಾರು 5 ಲೀಟರ್. ಅಂದಮೇಲೆ ಅದೇ ರಕ್ತ ಮತ್ತೆ ಮತ್ತೆ ಸುತ್ತುತ್ತಿರಬೇಕು. ಇದನ್ನು ಹಾರ್ವೆ 1628ರಲ್ಲಿ ಪುಸ್ತಕ ಬರೆದು ಸಾರಿದರು.

ಅವರ ಇನ್ನೊಂದು ಸಾಕ್ಷಿ ತೋಳಿಗೆ ಕಟ್ಟಿದ ಪಟ್ಟಿ. ಬಹಳ ಬಿಗಿದಾಗ ಮಣಿಕಟ್ಟಿನ ನಾಡಿ ನಿಂತಿತು, ಕೈ ತಣ್ಣಗಾಯಿತು. ತುಸು ಸಡಿಲಿಸಿದಾಗ ನಾಡಿ ಮರಳಿ ಬಂತು, ಆದರೆ ಕೈ ಉಬ್ಬಿ, ನರಗಳಂತೆ ಕಾಣುವ ನೀಲಿ ನಾಳಗಳು ಎದ್ದುನಿಂತವು. ಯಾಕೆ? ಹೃದಯದಿಂದ ರಕ್ತ ತರುವ ಅಪಧಮನಿಗಳು ಆಳದಲ್ಲಿವೆ, ಗೋಡೆ ದಪ್ಪ. ಅವು ತೆರೆದುಕೊಂಡವು. ರಕ್ತವನ್ನು ತಿರುಗಿ ಒಯ್ಯುವ ಅಭಿಧಮನಿಗಳು ಚರ್ಮದ ಹತ್ತಿರವಿವೆ, ಗೋಡೆ ತೆಳು. ಅವು ಮುಚ್ಚಿಯೇ ಇದ್ದವು. ಬಂದ ರಕ್ತಕ್ಕೆ ಹೋಗಲು ದಾರಿಯಿಲ್ಲ!

ಇವೆರಡನ್ನೂ ಕೂಡಿಸುವುದು ಕೂದಲಿಗಿಂತ ಸಣ್ಣ ಲೋಮನಾಳಗಳು. 1661ರಲ್ಲಿ ಇಟಲಿಯ ಮಾಲ್ಪಿಘಿ ಕಪ್ಪೆಯ ಶ್ವಾಸಕೋಶದಲ್ಲಿ ಅವನ್ನು ಸೂಕ್ಷ್ಮದರ್ಶಕದಿಂದ ಕಂಡರು. ಇಲ್ಲಿ ಕೆಂಪು ರಕ್ತಕಣಗಳು ಸಾಲಾಗಿ ಒಂದೊಂದೇ ಸಾಗುತ್ತ ಆಮ್ಲಜನಕವನ್ನು ಬಿಟ್ಟುಕೊಡುತ್ತವೆ.

ಮಾಡಿ ನೋಡಿ: ಮುತ್ಯಾನ ಕೈ ಕೆಳಗೆ ಇಳಿಬಿಡಲು ಹೇಳಿ. ಮುಂಗೈ ಮೇಲೆ ಉಬ್ಬಿದ ಒಂದು ಅಭಿಧಮನಿಯನ್ನು ಬೆರಳಿಂದ ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿಂದ ರಕ್ತವನ್ನು ಮೊಣಕೈ ಕಡೆಗೆ ಸವರಿ, ಆ ಬೆರಳನ್ನು ತೆಗೆಯಿರಿ. ಮೇಲೆ ಹೋದ ರಕ್ತ ಒಂದು ಕಡೆ ತಡೆದು ನಿಲ್ಲುತ್ತದೆ, ಕೆಳಗಿನ ನಾಳ ಖಾಲಿಯೇ ಉಳಿಯುತ್ತದೆ. ತಡೆದದ್ದು ಒಳಗಿನ ಕವಾಟ. ನಾವು ನಡೆದಾಗ ಕಾಲಿನ ಸ್ನಾಯುಗಳು ಅಭಿಧಮನಿಗಳನ್ನು ಹಿಂಡುತ್ತವೆ, ಕವಾಟಗಳು ರಕ್ತವನ್ನು ಕೆಳಗೆ ಬಿಡುವುದಿಲ್ಲ. ಹೀಗೆ ರಕ್ತ ಮೇಲೇರುತ್ತದೆ.

ಈಗ ಹಗ್ಗದ ಮಾತಿಗೆ ಬರೋಣ. ಗಟ್ಟಿ ಬಿಗಿದರೆ ಅಪಧಮನಿ ಮುಚ್ಚಿ, ಆಮ್ಲಜನಕವಿಲ್ಲದೆ ಕೈಕಾಲಿನ ಮಾಂಸ ಸಾಯಬಹುದು. ಅರೆಬರೆ ಬಿಗಿದರೆ ಬಾವು ಹೆಚ್ಚುತ್ತದೆ. ಅದಕ್ಕೇ ಇಂದಿನ ವೈದ್ಯರು ಕಟ್ಟಬೇಡಿ ಎನ್ನುತ್ತಾರೆ. ಕೊಯ್ಯುವುದು, ಬಾಯಿಂದ ಹೀರುವುದು ಕೂಡ ಬೇಡ.

ಹಾಗಾದರೆ ಏನು ಮಾಡಬೇಕು? ಸ್ನಾಯು ಅಲುಗಿದಷ್ಟೂ ವಿಷ ಬೇಗ ಸಾಗುತ್ತದೆ. ಆದ್ದರಿಂದ ಕಡಿಸಿಕೊಂಡವರನ್ನು ಓಡಿಸಬೇಡಿ, ನಡೆಸಲೂ ಬೇಡಿ. ಧೈರ್ಯ ಹೇಳಿ. ಬಳೆ, ಉಂಗುರ, ಕಾಲುಂಗುರ ತೆಗೆಯಿರಿ. ಕಡಿದ ಕೈ ಅಥವಾ ಕಾಲು ಅಲುಗದಂತೆ ಕಟ್ಟಿಗೆಯ ಆಸರೆ ಕೊಟ್ಟು, ಬಟ್ಟೆಯಿಂದ ಸಡಿಲವಾಗಿ ಸುತ್ತಿ. 108ಕ್ಕೆ ಫೋನ್ ಮಾಡಿ, ಪ್ರತಿವಿಷ ಸಿಗುವ ಸರಕಾರಿ ದವಾಖಾನೆಗೆ ಒಯ್ಯಿರಿ. ಯಾರಾದರೂ ಮೊದಲೇ ಬಿಗಿದು ಕಟ್ಟಿದ್ದರೆ, ಅದನ್ನು ಡಾಕ್ಟರರ ಎದುರಿಗೇ ಬಿಚ್ಚಬೇಕು.

ಇವತ್ತು ಮನೆಗೆ ಹೋದಮೇಲೆ ಮುತ್ಯಾನ ಕೈಯ ಕವಾಟ ಹುಡುಕಿರಿ. ಹಗ್ಗದ ಮಾತನ್ನೂ ಅವರಿಗೆ ಹೇಳಿರಿ.