ಪ್ರಸವಕ್ಕೆ ಮುನ್ನ ಅಂಗಸಾಧನೆ



ಹೆರಿಗೆಯೆಂಬುದು ಹೆಣ್ಣಿಗೆ ಮರುಹುಟ್ಟು ಎಂಬ ಮಾತು ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ನಡೆದುಬಂದಿದೆ. ವೈದ್ಯಸಹಾಯವು ದುರ್ಲಭವಾಗಿದ್ದ ಕಾಲದಲ್ಲಿ ಹುಟ್ಟಿದ ಈ ಮಾತಿನಲ್ಲಿ ಸತ್ಯವಿಲ್ಲದೆ ಇರಲಿಲ್ಲ. ಆದರೆ ಅದನ್ನೇ ಚೊಚ್ಚಲ ಬಸುರಿಯ ಕಿವಿಯ ಬಳಿ ದಿನದಿನವೂ ಆಡುತ್ತಿದ್ದರೆ ಅದರಿಂದ ಎಚ್ಚರ ಹುಟ್ಟುವುದಿಲ್ಲ, ಭಯ ಹುಟ್ಟುತ್ತದೆ. ಈ ಭಯಕ್ಕೂ ದೇಹಕ್ಕೂ ಇರುವ ಸಂಬಂಧವೇನು, ಗರ್ಭದ ಕೊನೆಯ ತಿಂಗಳುಗಳಲ್ಲಿ ಮಾಡತಕ್ಕ ಸರಳವಾದ ವ್ಯಾಯಾಮಗಳಿಂದ ಆಗುವ ಉಪಕಾರವೇನು, ಆಗದಿರುವುದೇನು ಎಂಬುದೇ ಈ ಭಾಷಣದ ವಿಷಯ.

ಗರ್ಭಕೋಶವು ಒಂದು ಸ್ನಾಯುವಿನ ಚೀಲ. ಕೈಕಾಲುಗಳ ಸ್ನಾಯುಗಳಂತೆ ಅದು ನಮ್ಮ ಇಚ್ಛೆಗೆ ಒಳಪಟ್ಟುದಲ್ಲ. ಹೃದಯದಂತೆ ತನ್ನಷ್ಟಕ್ಕೆ ತಾನೇ ದುಡಿಯತಕ್ಕದ್ದು. ಅದಕ್ಕೆ ವ್ಯಾಯಾಮವನ್ನು ಕಲಿಸುವುದು ಯಾರಿಂದಲೂ ಆಗದು. ನಮ್ಮ ಅಧೀನದಲ್ಲಿರುವುವು ಅದರ ಸುತ್ತಣ ಸ್ನಾಯುಗಳು: ಹೊಟ್ಟೆ, ಬೆನ್ನು, ತೊಡೆಗಳವು, ಮತ್ತು ಸೊಂಟದ ಎಲುಬುಗೂಡಿನ ತಳದಲ್ಲಿ ಜೋಲಿಯಂತೆ ಹಬ್ಬಿಕೊಂಡಿರುವ ಸ್ನಾಯುಪದರ. ಹೆದರಿದವಳು ಹಲ್ಲು ಕಚ್ಚಿ, ಮುಷ್ಟಿ ಬಿಗಿದು, ಉಸಿರು ಹಿಡಿದಾಗ ಇವೆಲ್ಲವೂ ಬಿಗಿದುಕೊಳ್ಳುತ್ತವೆ. ಒಳಗಿನಿಂದ ತೆರೆಯುತ್ತಿರುವ ಬಾಗಿಲನ್ನು ಹೊರಗಿನಿಂದ ಒತ್ತಿಹಿಡಿದಂತೆ ಆಗುತ್ತದೆ. ಭಯದಿಂದ ಬಿಗಿತ, ಬಿಗಿತದಿಂದ ನೋವು, ನೋವಿನಿಂದ ಮತ್ತೆ ಭಯ ಎಂಬ ಈ ಸುತ್ತನ್ನು ಇಂಗ್ಲೆಂಡಿನ ವೈದ್ಯ ಗ್ರಾಂಟ್ಲಿ ಡಿಕ್-ರೀಡ್ ಎಂಬವರು 1933ರಿಂದ ಮುಂದೆ ಪ್ರಕಟಿಸಿದ ತಮ್ಮ ಗ್ರಂಥಗಳಲ್ಲಿ ವಿವರಿಸಿದರು. ನೋವೆಲ್ಲವೂ ಭಯದ ಫಲವೆಂದು ಹೇಳಲಾಗದು. ಪ್ರಸವದ ನೋವು ನಿಜವಾದುದೇ. ಆದರೆ ಭಯವು ಅದನ್ನು ಹೆಚ್ಚಿಸುತ್ತದೆಂಬುದು ಇಂದಿಗೂ ನಿಲ್ಲುವ ಮಾತು.

ಹಿಂದೆ ನಮ್ಮ ಹೆಂಗಸರಿಗೆ ಪ್ರತ್ಯೇಕ ವ್ಯಾಯಾಮ ಬೇಕಿರಲಿಲ್ಲವೆಂದು ಹಿರಿಯರು ಹೇಳುವುದುಂಟು. ನೆಲದ ಮೇಲೆ ಕೂತು ಏಳುವುದು, ಕುಕ್ಕರುಗಾಲಿನಲ್ಲಿ ಕೂತು ಸಾರಿಸುವುದು, ಬೀಸುವುದು, ನೀರು ಸೇದುವುದು, ಇವೆಲ್ಲ ದಿನಚರಿಯೇ ಆಗಿದ್ದುವು. ಅತಿಯಾದ ದುಡಿಮೆಯಿಂದ ಬಳಲಿದವರೂ ಅವರಲ್ಲಿ ಇದ್ದರೆಂಬುದನ್ನು ಮರೆಯಲಾಗದು. ಈಗಿನ ನಗರವಾಸಿಯಾದರೋ ಕುರ್ಚಿಯಲ್ಲಿ ಕೂತು, ಲಿಫ್ಟಿನಲ್ಲಿ ಏರಿ, ಬಿಸಿಲನ್ನೇ ಕಾಣದೆ ದಿನ ಕಳೆಯಬಲ್ಲಳು. ಅತ್ತ ಬಳಲಿಕೆಯೂ ಬೇಡ, ಇತ್ತ ಜಡತೆಯೂ ಬೇಡ. ಬಸುರಿಯಾದವಳು ವಾರಕ್ಕೆ 150 ನಿಮಿಷಗಳಷ್ಟಾದರೂ ಮಿತವಾದ ಶ್ರಮವನ್ನು ಮಾಡುವುದು ಹಿತವೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದೆ.

ಆರಂಭಿಸುವ ಮುನ್ನ ವೈದ್ಯರ ಅನುಮತಿಯನ್ನು ಪಡೆಯತಕ್ಕದ್ದು. ಮಾಸು ಕೆಳಗೆ ಕೂತಿದ್ದರೆ, ರಕ್ತಸ್ರಾವವಿದ್ದರೆ, ರಕ್ತದ ಒತ್ತಡ ಏರಿದ್ದರೆ, ಅಕಾಲ ಪ್ರಸವದ ಸೂಚನೆಯಿದ್ದರೆ ಅವರ ಮಾತೇ ಪ್ರಮಾಣ.

ಮೊದಲನೆಯದು ನಡಿಗೆ. ದಿನಕ್ಕೆ ಅರ್ಧ ಗಂಟೆ, ಜತೆಯವರೊಡನೆ ಮಾತಾಡುತ್ತ ನಡೆಯಬಲ್ಲಷ್ಟು ವೇಗ ಸಾಕು. ಈ ದಿನಗಳಲ್ಲಿ ಸಂದುಗಳು ಸಡಿಲವಾಗಿ, ದೇಹದ ಭಾರ ಮುಂದಕ್ಕೆ ಸರಿದಿರುವುದರಿಂದ ಹಾರುವುದು, ಥಟ್ಟನೆ ತಿರುಗುವುದು ಕೂಡದು.

ಎರಡನೆಯದು ಬೆನ್ನಿಗೆ. ಅಂಗೈ ಮತ್ತು ಮೊಣಕಾಲುಗಳನ್ನು ಊರಿ, ಉಸಿರು ಬಿಡುತ್ತ ಬೆನ್ನನ್ನು ಬೆಕ್ಕಿನಂತೆ ಮೇಲಕ್ಕೆ ಬಾಗಿಸಿ, ಉಸಿರೆಳೆಯುತ್ತ ಸಮಮಾಡಬೇಕು. ಎಂಟು ಹತ್ತು ಸಲ ಸಾಕು. ಸೊಂಟದ ಸೆಳೆತ ಇದರಿಂದ ಇಳಿಯುವುದುಂಟು.

ಮೂರನೆಯದು ತೊಡೆಗಳಿಗೆ. ಗೋಡೆಗೆ ಬೆನ್ನು ಕೊಟ್ಟು ಕೂತು, ಪಾದಗಳನ್ನು ಒಂದಕ್ಕೊಂದು ಜೋಡಿಸಿ, ಮಂಡಿಗಳನ್ನು ತಾವಾಗಿಯೇ ಇಳಿಯಗೊಡಬೇಕು; ಒತ್ತಬಾರದು. ಯೋಗಾಭ್ಯಾಸಿಗಳು ಇದನ್ನು ಬದ್ಧಕೋನಾಸನವೆನ್ನುತ್ತಾರೆ.

ನಾಲ್ಕನೆಯದು ಎಲುಬುಗೂಡಿನ ತಳದ ಸ್ನಾಯುಗಳಿಗೆ. ಇದನ್ನು 1948ರಲ್ಲಿ ಅಮೆರಿಕದ ವೈದ್ಯ ಆರ್ನಾಲ್ಡ್ ಕೀಗಲ್ ಪ್ರಸಿದ್ಧಿಗೆ ತಂದರು. ಮೂತ್ರವನ್ನೂ ವಾಯುವನ್ನೂ ತಡೆಹಿಡಿಯುವಂತೆ ಒಳಕ್ಕೆ ಎಳೆದು, ಐದು ಎಣಿಸಿ, ಪೂರ್ಣವಾಗಿ ಸಡಿಲಬಿಡಬೇಕು. ಎಂಟು ಸಲದಂತೆ ದಿನಕ್ಕೆ ಮೂರಾವೃತ್ತಿ. ಹೆರಿಗೆಯ ಅನಂತರ ಕೆಮ್ಮಿದರೆ, ಸೀನಿದರೆ ಮೂತ್ರ ಜಿನುಗುವ ಬಾಧೆಯನ್ನು ಇದು ಕಡಿಮೆಮಾಡುತ್ತದೆ. ಹಿಡಿಯುವುದನ್ನು ಎಲ್ಲರೂ ಬೇಗ ಕಲಿಯುತ್ತಾರೆ. ಬಿಡುವುದನ್ನು ಕಲಿಯುವುದೇ ಕಷ್ಟ, ಪ್ರಸವದಲ್ಲಿ ಬೇಕಾದುದೂ ಅದೇ.

ಐದನೆಯದನ್ನು ವ್ಯಾಯಾಮವೆನ್ನಲು ಹಲವರು ಒಪ್ಪಲಾರರು. ಆದರೆ ಎಲ್ಲಕ್ಕಿಂತ ಮುಖ್ಯವಾದುದು ಇದೇ. ಎಡಮಗ್ಗುಲಾಗಿ ಮಲಗಿ, ಮಂಡಿಗಳ ನಡುವೆ ದಿಂಬಿಟ್ಟು, ಹುಬ್ಬು, ದವಡೆ, ಹೆಗಲು, ಬೆರಳು ಎಂದು ಒಂದೊಂದನ್ನೇ ಸಡಿಲಿಸುತ್ತ ಉಸಿರನ್ನು ನೀಳವಾಗಿ ಬಿಡಬೇಕು. ಅಂಗಾತ ಬಹಳ ಹೊತ್ತು ಮಲಗಬಾರದು. ಗರ್ಭದ ಭಾರವು ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ವೇದನೆಯು ತೀವ್ರವಾದಾಗಲೂ ಒಂದೊಂದು ಸಲ ಬರುವುದು ಸುಮಾರು ಒಂದು ನಿಮಿಷ. ಬಳಿಕ ಒಂದೆರಡು ನಿಮಿಷಗಳ ಬಿಡುವುಂಟು. ಆ ಬಿಡುವಿನಲ್ಲಿ ವಿಶ್ರಮಿಸಬಲ್ಲವಳು ತನ್ನ ಶಕ್ತಿಯನ್ನು ಉಳಿಸಿಕೊಳ್ಳುತ್ತಾಳೆ. ಮುಂದಿನದನ್ನು ನೆನೆದು ನಡುಗುವವಳಿಗೆ ಬಿಡುವೇ ಇಲ್ಲ.

ವ್ಯಾಯಾಮದ ನಡುವೆ ತಲೆಸುತ್ತು, ಎದೆನೋವು, ರಕ್ತ ಅಥವಾ ನೀರಿನ ಸ್ರಾವ, ಮೀನಖಂಡದಲ್ಲಿ ನೋವು ಬಾವು ಕಂಡರೆ ಕೂಡಲೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಶಿಶುವಿನ ಚಲನೆ ಕುಂದಿದರೂ ಹಾಗೆಯೇ, ನಾಳೆ ನೋಡೋಣವೆನ್ನಬಾರದು.

ಇಷ್ಟನ್ನೆಲ್ಲ ಮಾಡಿದವಳಿಗೆ ಸುಖಪ್ರಸವವು ನಿಶ್ಚಯವೇ? ಅಲ್ಲ. ಶಿಶುವಿನ ಗಾತ್ರ, ಅದು ತಿರುಗಿರುವ ಬಗೆ, ಮಾಸಿನ ಸ್ಥಾನ, ಇವು ಯಾವುವೂ ನಮ್ಮ ಅಭ್ಯಾಸಕ್ಕೆ ಅಧೀನವಲ್ಲ. ಶ್ರದ್ಧೆಯಿಂದ ಅಭ್ಯಾಸಮಾಡಿದವಳಿಗೂ ಶಸ್ತ್ರಚಿಕಿತ್ಸೆ ಬೇಕಾಗಬಹುದು; ಆಗ ಆಕೆ ಸೋತವಳೆಂದು ತಿಳಿಯುವುದು ಅನ್ಯಾಯ, ಬಂಧುಗಳು ಹಾಗೆ ಆಡುವುದು ಕ್ರೌರ್ಯ. ಅಭ್ಯಾಸದಿಂದ ಬಂದ ಬಲವು ಬಾಣಂತನದಲ್ಲಿಯೂ ಒದಗುತ್ತದೆ.

ಕೊನೆಯದಾಗಿ ಮನೆಯ ಇತರರಿಗೆ ಒಂದು ಮಾತು. ಪತಿಯಾದವನು ಸಂಜೆ ಆಕೆಯೊಡನೆ ನಾಲ್ಕು ಹೆಜ್ಜೆ ನಡೆಯಲಿ. ಅತ್ತೆಯವರೂ ತಾಯಿಯವರೂ ತಮ್ಮ ಹೆರಿಗೆಯ ಕಷ್ಟದ ಕಥೆಗಳನ್ನು ಮಗುವಿನ ನಾಮಕರಣದ ದಿನಕ್ಕೆ ಮೀಸಲಿಟ್ಟುಕೊಳ್ಳಲಿ. ಸೀಮಂತದಲ್ಲಿ ಆಕೆಗೆ ಸೀರೆ, ಬಳೆ, ಹೂವುಗಳನ್ನು ಕೊಡುವ ನಾವು, ಅವುಗಳೊಡನೆ ಸ್ವಲ್ಪ ಧೈರ್ಯವನ್ನೂ ಉಡಿಯಲ್ಲಿ ತುಂಬಿದರೆ ಆಕೆಗೆ ಆಗುವ ಉಪಕಾರ ಸಣ್ಣದಲ್ಲ.